ಕಿವಿಗಾಗಿ ಬರೆದ ಅಪರಾಧ ಕಥೆಗಳು: ಅಮೆರಿಕದ ರೇಡಿಯೊ ನಾಟಕ, 1930–1962

ಅಮೆರಿಕದ ರೇಡಿಯೊ ನಾಟಕದ ಸುವರ್ಣಯುಗವೆಂದರೆ ಸುಮಾರಾಗಿ 1930ರಿಂದ 1962ರವರೆಗಿನ ಕಾಲ. ಹಾಸ್ಯ, ಸಂಗೀತ, ಹಗಲಿನ ಧಾರಾವಾಹಿಗಳ ಜೊತೆಗೆ ಕೊಲೆ, ದರೋಡೆ, ಪತ್ತೇದಾರಿ ಮತ್ತು ಭಯದ ಕಥೆಗಳೂ ಆ ಮೂರು ದಶಕಗಳಲ್ಲಿ ವಾರವಾರವೂ ಮನೆಮನೆ ತಲುಪಿದವು. ಅಪರಾಧ ಕಥೆ ಎಂಬ ಪ್ರಕಾರಕ್ಕೆ ಅವುಗಳಿಂದ ಸಂದದ್ದು ದೊಡ್ಡದು. ಮುದ್ರಿತ ಪತ್ತೇದಾರಿ ಕಥೆ ಬಹುಮಟ್ಟಿಗೆ ‘ಕೊಂದವರು ಯಾರು’ ಎಂಬ ಪ್ರಶ್ನೆಯ ಮೇಲೆ ನಿಂತಿತ್ತು. ರೇಡಿಯೊ ಆ ಪ್ರಶ್ನೆಯನ್ನು ಬದಿಗೆ ಸರಿಸಿ, ಕೊಲ್ಲಲು ಹೊರಟವನ ಅಥವಾ ಕೊಲೆಗೆ ಈಡಾಗಲಿರುವವಳ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಕಥೆಯ ನಡುವಿಗೆ ತಂದಿತು. ಏನನ್ನೂ ತೋರಿಸಲಾಗದ ಮಾಧ್ಯಮಕ್ಕೆ ಅತಿ ಸಹಜವಾಗಿ ಒದಗಿದ್ದು ಮನುಷ್ಯನ ಒಳದನಿ.

ಈ ನಾಟಕಗಳನ್ನು ಸಾಕಿದ್ದು ವ್ಯಾಪಾರ. ಬ್ರಿಟನ್ನಿನ ಬಿಬಿಸಿ ಕೇಳುಗರ ಪರವಾನಗಿ ಶುಲ್ಕದಿಂದ ನಡೆಯುತ್ತಿತ್ತು. ಅಮೆರಿಕದಲ್ಲಿ ಅಂಥ ಏರ್ಪಾಡು ಇರಲಿಲ್ಲ. 1926ರಲ್ಲಿ ಎನ್‌ಬಿಸಿ, 1927ರಲ್ಲಿ ಸಿಬಿಎಸ್, 1934ರಲ್ಲಿ ಮ್ಯೂಚುವಲ್ ಜಾಲಗಳು ಹುಟ್ಟಿಕೊಂಡವು. ಅವು ಮಾರುತ್ತಿದ್ದ ಸರಕು ಸಮಯ. ಸಾಬೂನು, ಕಾಫಿ, ಸಿಗರೇಟು, ಕಲ್ಲಿದ್ದಲು, ವೈನ್ ಕಂಪನಿಗಳು ಅರ್ಧ ಗಂಟೆಯನ್ನೋ ಒಂದು ಗಂಟೆಯನ್ನೋ ಕೊಳ್ಳುತ್ತಿದ್ದವು. ಆ ಅವಧಿಯ ಕಾರ್ಯಕ್ರಮವನ್ನು ಎಷ್ಟೋ ಸಲ ಅವುಗಳ ಜಾಹೀರಾತು ಏಜೆನ್ಸಿಗಳೇ ತಯಾರಿಸುತ್ತಿದ್ದವು. 1930ರ ಜನಗಣತಿಯ ವೇಳೆಗೆ ಅಮೆರಿಕದ ಸುಮಾರು ಶೇ. 40ರಷ್ಟು ಮನೆಗಳಲ್ಲಿ ರೇಡಿಯೊ ಇತ್ತು. 1940ರ ಹೊತ್ತಿಗೆ ಅದು ಶೇ. 80ನ್ನು ದಾಟಿತ್ತು. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಸಿನಿಮಾ ಟಿಕೆಟ್ಟಿಗೆ ಕಾಸಿಲ್ಲದ ಸಂಸಾರಕ್ಕೂ ಸಂಜೆಯ ನಾಟಕ ಬಿಟ್ಟಿಯಾಗಿ ಸಿಗುತ್ತಿತ್ತು.

ಇನ್ನೊಂದು ಕಟ್ಟುಪಾಡೂ ಇತ್ತು. ಧ್ವನಿಮುದ್ರಿಸಿದ ನಾಟಕವನ್ನು ಬಿತ್ತರಿಸುವುದಕ್ಕೆ ದೊಡ್ಡ ಜಾಲಗಳು ಒಪ್ಪುತ್ತಿರಲಿಲ್ಲ. ಎಲ್ಲವೂ ನೇರಪ್ರಸಾರ. ಪೂರ್ವ ಕರಾವಳಿಗಾಗಿ ಒಮ್ಮೆ ಆಡಿದ ನಾಟಕವನ್ನು ಗಡಿಯಾರದಲ್ಲಿ ಮೂರು ಗಂಟೆ ಹಿಂದಿರುವ ಪಶ್ಚಿಮ ಕರಾವಳಿಗಾಗಿ ಅದೇ ರಾತ್ರಿ ಮತ್ತೆ ಆಡುವುದು ವಾಡಿಕೆಯಾಗಿತ್ತು. ಮಾತು ತಪ್ಪಿದರೆ ತಿದ್ದುವಂತಿರಲಿಲ್ಲ, ಗಡಿಯಾರ ಮೀರುವಂತೆಯೂ ಇರಲಿಲ್ಲ. ಆ ಕಾಲದ ಕಲಾವಿದರ ದನಿಯಲ್ಲಿ ಕೇಳಿಸುವ ಬಿಗುವಿನ ಒಂದಂಶ ಅಲ್ಲಿಂದಲೇ ಬಂದದ್ದು.

ಈ ಚರಿತ್ರೆಯ ಮೊದಲ ದೊಡ್ಡ ಹೆಸರು ‘ದ ಶ್ಯಾಡೊ’. ಅದು ಹುಟ್ಟಿದ್ದು ಪಾತ್ರವಾಗಿ ಅಲ್ಲ, ಒಂದು ದನಿಯಾಗಿ. ನ್ಯೂಯಾರ್ಕಿನ ಸ್ಟ್ರೀಟ್ ಆ್ಯಂಡ್ ಸ್ಮಿತ್ ಪ್ರಕಾಶನ ಸಂಸ್ಥೆ ತನ್ನ ಪತ್ತೇದಾರಿ ಕಥೆಗಳ ಪತ್ರಿಕೆಯ ಮಾರಾಟ ಹೆಚ್ಚಿಸಲು 1930ರ ಜುಲೈ 31ರಂದು ಸಿಬಿಎಸ್‌ನಲ್ಲಿ ‘ಡಿಟೆಕ್ಟಿವ್ ಸ್ಟೋರಿ ಅವರ್’ ಎಂಬ ಕಾರ್ಯಕ್ರಮ ಆರಂಭಿಸಿತು. ಪತ್ರಿಕೆಯ ಕಥೆಗಳನ್ನು ನಾಟಕವಾಗಿ ಆಡಿಸುತ್ತಿದ್ದರು. ಅವನ್ನು ಪರಿಚಯಿಸುವ ನಿರೂಪಕನಿಗೆ ನೆರಳು ಎಂದು ಹೆಸರಿಟ್ಟು, ತಣ್ಣನೆಯ ನಗುವೊಂದನ್ನು ಅವನಿಗೆ ಅಂಟಿಸಿದರು. ಜೇಮ್ಸ್ ಲ ಕರ್ಟೊ ಮೊದಲಿಗೆ ಆ ಕೆಲಸ ಮಾಡಿದರು. ಅವರ ನಂತರ ಬಂದ ಫ್ರ್ಯಾಂಕ್ ರೀಡಿಕ್ ಆ ನಗುವನ್ನು ದೇಶವಿಡೀ ಗುರುತಿಸುವಂತೆ ಮಾಡಿದರು. ಆದರೆ ಪ್ರಕಾಶಕರು ಎಣಿಸಿದ್ದೇ ಒಂದು, ಆದದ್ದೇ ಇನ್ನೊಂದು. ಅಂಗಡಿಗೆ ಬಂದ ಜನ ಕೇಳುತ್ತಿದ್ದುದು ಆ ನೆರಳಿನ ಪತ್ರಿಕೆಯನ್ನು; ಅಂಥದೊಂದು ಇರಲೇ ಇಲ್ಲ. ಕೇಳಿದವರನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಿಲ್ಲದ ಪ್ರಕಾಶಕರು 1931ರ ಏಪ್ರಿಲ್‌ನಲ್ಲಿ ‘ದ ಶ್ಯಾಡೊ’ ಪತ್ರಿಕೆಯನ್ನೇ ಹೊರತಂದರು. ಜಾದೂ ವಿದ್ಯೆ ಬಲ್ಲ ವಾಲ್ಟರ್ ಗಿಬ್ಸನ್ ಮ್ಯಾಕ್ಸ್‌ವೆಲ್ ಗ್ರಾಂಟ್ ಎಂಬ ಹೆಸರಿನಲ್ಲಿ ಅದಕ್ಕಾಗಿ ಬರೆದ ಕಾದಂಬರಿಗಳ ಸಂಖ್ಯೆ 282.

ಶ್ಯಾಡೊ ಪೂರ್ಣ ಪ್ರಮಾಣದ ನಾಟಕದ ನಾಯಕನಾಗಿ ರೇಡಿಯೊಗೆ ಮರಳಿದ್ದು 1937ರ ಸೆಪ್ಟೆಂಬರ್‌ನಲ್ಲಿ, ಮ್ಯೂಚುವಲ್ ಜಾಲದಲ್ಲಿ. ಆಗ 22 ವರ್ಷದವರಾಗಿದ್ದ ಆರ್ಸನ್ ವೆಲ್ಸ್ ಶ್ರೀಮಂತ ಲಾಮಾಂಟ್ ಕ್ರ್ಯಾನ್‌ಸ್ಟನ್ ಆಗಿಯೂ ಅವನ ಗುಪ್ತರೂಪವಾದ ನೆರಳಾಗಿಯೂ ನಟಿಸಿದರು. ಗೆಳತಿ ಮಾರ್ಗೊ ಲೇನ್ ಪಾತ್ರ ಆಗ್ನೆಸ್ ಮೂರ್‌ಹೆಡ್ ಅವರದು. ಆರಂಭದ ನಗು ಮಾತ್ರ ಹಳೆಯ ರೀಡಿಕ್ ಅವರದೇ ಉಳಿಯಿತು. ಇಲ್ಲಿ ಆದ ಒಂದು ಮಾರ್ಪಾಡು ಗಮನಿಸತಕ್ಕದ್ದು. ಗಿಬ್ಸನ್ ಕಾದಂಬರಿಗಳ ಶ್ಯಾಡೊ ಕಪ್ಪು ನಿಲುವಂಗಿ ತೊಟ್ಟು ಕತ್ತಲಲ್ಲಿ ಅಡಗುವ, ಕೈಯಲ್ಲಿ ಪಿಸ್ತೂಲು ಹಿಡಿದ ಮನುಷ್ಯ. ರೇಡಿಯೊದಲ್ಲಿ ನಿಲುವಂಗಿಯಿಂದ ಪ್ರಯೋಜನವಿಲ್ಲ. ಆದ್ದರಿಂದ ಪೂರ್ವ ದೇಶಗಳಲ್ಲಿ ಕಲಿತ ಸಮ್ಮೋಹನ ವಿದ್ಯೆಯಿಂದ ಎದುರಿಗಿದ್ದವರ ಮನಸ್ಸಿಗೆ ಮಬ್ಬು ಕವಿಸಿ ತಾನು ಕಾಣದಂತಾಗುವ ಶಕ್ತಿಯನ್ನು ಅವನಿಗೆ ಕೊಟ್ಟರು. ಕಾಣದ ನಾಯಕ ಮಾತಾಡುವಾಗ ದನಿಯನ್ನು ಫಿಲ್ಟರ್ ಹಾಯಿಸಿ ಬೇರೆಯಾಗಿಸುತ್ತಿದ್ದರು. ಅಪರಾಧಿಗೆ ಅವನ ದನಿಯಷ್ಟೇ ಕೇಳಿಸುತ್ತದೆ. ರೇಡಿಯೊ ಮುಂದೆ ಕುಳಿತ ಮನೆಮಂದಿಗೂ ಅಷ್ಟೇ. ಮಾಧ್ಯಮದ ಕೊರತೆಯಿಂದಲೇ ನಾಯಕನ ಶಕ್ತಿಯನ್ನು ರೂಪಿಸಿದ ಈ ಉಪಾಯ ರೇಡಿಯೊ ಬರವಣಿಗೆಯ ಅತ್ಯಂತ ಜಾಣ ಕಲ್ಪನೆಗಳಲ್ಲಿ ಒಂದು. ವೆಲ್ಸ್ 1938ರಲ್ಲಿ ಬಿಟ್ಟುಹೋದರೂ ಸರಣಿ ಬಿಲ್ ಜಾನ್‌ಸ್ಟನ್, ಬ್ರೆಟ್ ಮಾರಿಸನ್ ಮೊದಲಾದವರ ದನಿಯಲ್ಲಿ 1954ರವರೆಗೆ ನಡೆಯಿತು. ಅದರ ಪ್ರಾಯೋಜಕರಲ್ಲಿ ಮುಖ್ಯವಾದ ಬ್ಲೂ ಕೋಲ್ ಕಂಪನಿ ಗುರುತಿಗಾಗಿ ತನ್ನ ಕಲ್ಲಿದ್ದಲಿಗೆ ನೀಲಿ ಬಣ್ಣ ಬಳಿದು ಮಾರುತ್ತಿತ್ತು.

ಷರ್ಲಾಕ್ ಹೋಮ್ಸ್ ಕೂಡ 1930ರ ಅಕ್ಟೋಬರ್‌ನಲ್ಲಿಯೇ ಎನ್‌ಬಿಸಿಗೆ ಬಂದ. ರಂಗದ ಮೇಲೆ ದಶಕಗಳ ಕಾಲ ಆ ಪಾತ್ರ ಮಾಡಿದ್ದ ವಿಲಿಯಮ್ ಜಿಲೆಟ್ ಮೊದಲ ಕಂತಿಗೆ ದನಿಯಾದರು. ರೂಪಾಂತರ ಮಾಡಿದವರು ಈಡಿತ್ ಮೈಸರ್. 1939ರಿಂದ 1946ರವರೆಗೆ ಬ್ಯಾಸಿಲ್ ರ್‍ಯಾತ್‌ಬೋನ್ ಮತ್ತು ನೈಜೆಲ್ ಬ್ರೂಸ್ ಜೋಡಿ ಆ ಸರಣಿಯನ್ನು ಬಹಳ ಜನಪ್ರಿಯವಾಗಿಸಿತು.

ಭಯದ ನಾಟಕ ಬೇರೊಂದು ದಾರಿ ಹಿಡಿಯಿತು. 1931ರಲ್ಲಿ ಅಲಾಂಜೊ ಡೀನ್ ಕೋಲ್ ನ್ಯೂಯಾರ್ಕಿನ ಡಬ್ಲ್ಯೂಒಆರ್ ನಿಲಯದಿಂದ ಆರಂಭಿಸಿದ ‘ದ ವಿಚಸ್ ಟೇಲ್’ನಲ್ಲಿ ನ್ಯಾನ್ಸಿ ಎಂಬ ಮುದಿ ಮಾಟಗಾತಿ ತನ್ನ ಕರಿಬೆಕ್ಕಿನೊಡನೆ ಕುಳಿತು ಕಥೆ ಹೇಳುತ್ತಿದ್ದಳು. ಮುಂದಿನ ಸರಣಿಗಳ ವಿಚಿತ್ರ ನಿರೂಪಕರೆಲ್ಲ ಬಹುಮಟ್ಟಿಗೆ ಅವಳ ಸಂತತಿ. ಆದರೆ ಕಿವಿಯ ಭಯವನ್ನು ತುದಿ ಮುಟ್ಟಿಸಿದ್ದು 1934ರ ಜನವರಿಯಲ್ಲಿ ಶಿಕಾಗೋದಲ್ಲಿ ವಿಲಿಸ್ ಕೂಪರ್ ಶುರುಮಾಡಿದ ‘ಲೈಟ್ಸ್ ಔಟ್’. ಮಕ್ಕಳು ಮಲಗಿದ ಮೇಲೆ, ನಡುರಾತ್ರಿಯಲ್ಲಿ ಅದರ ಪ್ರಸಾರ. ಆ ವೇಳೆಯನ್ನು ಕೊಳ್ಳುವ ಪ್ರಾಯೋಜಕರು ಇಲ್ಲದಿದ್ದುದರಿಂದ ಕೂಪರ್‌ಗೆ ಬೇಕಾದಂತೆ ಬರೆಯುವ ಸ್ವಾತಂತ್ರ್ಯ ಸಿಕ್ಕಿತು. 1936ರಲ್ಲಿ ಅವರು ಹಾಲಿವುಡ್‌ಗೆ ಹೋದಾಗ ಆರ್ಚ್ ಓಬ್ಲರ್ ಆ ಜಾಗಕ್ಕೆ ಬಂದರು. ಪ್ರಯೋಗಶಾಲೆಯ ಕೋಳಿಯ ಹೃದಯವೊಂದು ಬೆಳೆಯುತ್ತ ಬೆಳೆಯುತ್ತ ಲೋಕವನ್ನೇ ನುಂಗುವ ಅವರ 1937ರ ನಾಟಕ ಇಂದಿಗೂ ನೆನಪಿನಲ್ಲಿದೆ.

‘ಲೈಟ್ಸ್ ಔಟ್’ನ ಕೀರ್ತಿಯಲ್ಲಿ ಅರ್ಧ ಪಾಲು ಸದ್ದಿನ ಕೆಲಸಗಾರರದು. ಮೂಳೆ ಮುರಿಯುವ ಸದ್ದಿಗೆ ಮಾಂಸದಂಗಡಿಯಿಂದ ತಂದ ಪಕ್ಕೆಲುಬುಗಳನ್ನು ಮುರಿಯುತ್ತಿದ್ದರು. ತಲೆ ಕಡಿಯುವುದಕ್ಕೆ ಎಲೆಕೋಸನ್ನು ಸೀಳುತ್ತಿದ್ದರು. ವಿದ್ಯುತ್ ಕುರ್ಚಿಯಲ್ಲಿ ದೇಹ ಸುಡುವುದೆಂದರೆ ಬಾಣಲೆಯಲ್ಲಿ ಹಂದಿಮಾಂಸ ಚುರುಗುಟ್ಟುವ ಸದ್ದು. ಮನುಷ್ಯನೊಬ್ಬನ ಒಳಗು ಹೊರಗಾಗುವ ಕುಪ್ರಸಿದ್ಧ ದೃಶ್ಯಕ್ಕೆ ಒದ್ದೆ ರಬ್ಬರ್ ಕೈಗವಸನ್ನು ಮಗುಚಿದರು. ಉಳಿದ ಸರಣಿಗಳಲ್ಲಿ ಕೆಲಸ ಇಷ್ಟು ಘೋರವಾಗಿರಲಿಲ್ಲ: ಬೆಂಕಿಗೆ ಸೆಲ್ಲೋಫೇನ್ ಹಾಳೆಯನ್ನು ಮುದುಡುವುದು, ಹಿಮದ ಮೇಲಿನ ನಡಿಗೆಗೆ ಮೆಕ್ಕೆಜೋಳದ ಪಿಷ್ಟದ ಪೊಟ್ಟಣವನ್ನು ಹಿಸುಕುವುದು, ಗುಡುಗಿಗೆ ತೂಗುಬಿಟ್ಟ ತಗಡನ್ನು ಅಲುಗಿಸುವುದು. ಆದರೆ ಯಾವ ಸದ್ದೂ ತಾನಾಗಿ ಅರ್ಥ ಕೊಡುವುದಿಲ್ಲ ಎಂಬುದು ಬರಹಗಾರರಿಗೆ ಬೇಗ ತಿಳಿಯಿತು. ಕೋಸು ಸೀಳಿದ ಸದ್ದು ಕೋಸಿನ ಸದ್ದೇ. ಅದಕ್ಕೆ ಮೊದಲು ಒಂದು ಮಾತು, ಒಂದು ಉಸಿರು, ತಕ್ಕಷ್ಟು ಮೌನ ಇದ್ದಾಗ ಮಾತ್ರ ಅದು ಕೊಡಲಿಯ ಏಟಾಗುತ್ತದೆ.

ಇದೇ ಹೊತ್ತಿಗೆ ನಿಜ ಅಪರಾಧಗಳೂ ರೇಡಿಯೊ ಸೇರಿದವು. ಲಾಸ್ ಏಂಜಲೀಸ್ ಪೊಲೀಸರ ಪ್ರಕರಣಗಳನ್ನು ಆಧರಿಸಿದ ‘ಕಾಲಿಂಗ್ ಆಲ್ ಕಾರ್ಸ್’ 1933ರಲ್ಲಿ ಶುರುವಾಯಿತು. 1935ರ ಜುಲೈನಲ್ಲಿ ಫಿಲಿಪ್ಸ್ ಲಾರ್ಡ್ ಅವರು ಎಫ್‌ಬಿಐ ಮುಖ್ಯಸ್ಥ ಜೆ. ಎಡ್ಗರ್ ಹೂವರ್ ಸಹಕಾರದಿಂದ ‘ಜಿ-ಮೆನ್’ ಸರಣಿ ತಂದರು. ಮೊದಲ ಕಥೆ ಹಿಂದಿನ ವರ್ಷವಷ್ಟೇ ಗುಂಡಿಗೆ ಬಲಿಯಾಗಿದ್ದ ಬ್ಯಾಂಕ್ ದರೋಡೆಕೋರ ಜಾನ್ ಡಿಲಿಂಜರ್‌ನದು. ಹೂವರ್‌ಗೆ ಬೇಕಾಗಿದ್ದುದು ಇಲಾಖೆಯ ತಾಳ್ಮೆಯ, ವೈಜ್ಞಾನಿಕ ತನಿಖೆಯ ಚಿತ್ರ. ಲಾರ್ಡ್‌ಗೆ ಬೇಕಾಗಿದ್ದುದು ಗುಂಡಿನ ಸದ್ದು. ಇಬ್ಬರ ಹಗ್ಗಜಗ್ಗಾಟದಲ್ಲಿ ಆ ಸರಣಿ ಕೆಲವೇ ತಿಂಗಳು ಬಾಳಿತು. 1936ರ ಜನವರಿಯಲ್ಲಿ ಲಾರ್ಡ್ ಎಫ್‌ಬಿಐಯನ್ನು ಬಿಟ್ಟು, ಇತರ ಪೊಲೀಸ್ ಪ್ರಕರಣಗಳನ್ನು ಹಿಡಿದು ‘ಗ್ಯಾಂಗ್ ಬಸ್ಟರ್ಸ್’ ಆರಂಭಿಸಿದರು. ಸೀಟಿ, ಸೈರನ್, ಮೆಷಿನ್ ಗನ್ನು, ಕೈದಿಗಳ ಹೆಜ್ಜೆ ಎಲ್ಲ ಸೇರಿದ ಅದರ ಆರಂಭದ ಅಬ್ಬರ ಇಂಗ್ಲಿಷಿನಲ್ಲಿ ಒಂದು ನುಡಿಗಟ್ಟನ್ನೇ ಹುಟ್ಟಿಸಿತು. ಕೊನೆಯಲ್ಲಿ ತಲೆತಪ್ಪಿಸಿಕೊಂಡ ನಿಜ ಅಪರಾಧಿಗಳ ಚಹರೆ ಓದಿ ಹೇಳುತ್ತಿದ್ದರು. ಆ ಸರಣಿ 1957ರವರೆಗೂ ನಡೆಯಿತು. ಇತಿಹಾಸದಲ್ಲಿ ಅದಕ್ಕೆ ಜಾಗವಿದೆ. ನಾಟಕವಾಗಿ ಅದರಲ್ಲಿ ಹೇಳಿಕೊಳ್ಳುವಂಥದು ಕಡಿಮೆ. ಮನುಷ್ಯರೆಲ್ಲ ಒಳ್ಳೆಯವರು, ಕೆಟ್ಟವರು ಎಂದು ಮೊದಲೇ ಹಂಚಿಹೋಗಿರುತ್ತಿದ್ದರು.

1941ರ ಜನವರಿಯಲ್ಲಿ ಹೈಮನ್ ಬ್ರೌನ್ ಶುರುಮಾಡಿದ ‘ಇನ್ನರ್ ಸ್ಯಾಂಕ್ಟಮ್’ ಕಿರುಗುಟ್ಟುವ ಬಾಗಿಲಿನ ಸದ್ದಿನಿಂದ ತೆರೆಯುತ್ತಿತ್ತು. ಸ್ಟುಡಿಯೊದ ನೆಲಮಾಳಿಗೆಯ ಬಾಗಿಲೊಂದರಿಂದ ಬ್ರೌನ್‌ಗೆ ಆ ಯೋಚನೆ ಹೊಳೆದದ್ದು. ನಿರೂಪಕ ರೇಮಂಡ್ ಎಡ್ವರ್ಡ್ ಜಾನ್ಸನ್ ಹೆಣ, ಗೋರಿಗಳ ಬಗ್ಗೆ ಚಟಾಕಿ ಹಾರಿಸುತ್ತ ಕೇಳುಗರನ್ನು ಒಳಗೆ ಕರೆಯುತ್ತಿದ್ದರು.

ಈ ಎಲ್ಲದರ ನಡುವೆ ಎತ್ತರದಲ್ಲಿ ನಿಲ್ಲುವುದು ಸಿಬಿಎಸ್‌ನ ‘ಸಸ್ಪೆನ್ಸ್’. ಆಲ್ಫ್ರೆಡ್ ಹಿಚ್‌ಕಾಕ್ ಹೆಸರಿನಲ್ಲಿ 1940ರಲ್ಲಿ ಅದರ ಮಾದರಿ ಕಂತೊಂದು ಬಂದಿತ್ತು. ನಿಯಮಿತ ಪ್ರಸಾರ ಆರಂಭವಾದದ್ದು 1942ರ ಜೂನ್ 17ರಂದು. ಅಲ್ಲಿಂದ 20 ವರ್ಷಗಳಲ್ಲಿ ಒಂಬೈನೂರಕ್ಕೂ ಮಿಕ್ಕಿ ಕಂತುಗಳು ಪ್ರಸಾರವಾದವು. ಮೊದಲ ವರ್ಷಗಳ ರೂಪ ಕೊಟ್ಟವರು ನಿರ್ಮಾಪಕ ನಿರ್ದೇಶಕ ವಿಲಿಯಮ್ ಸ್ಪಿಯರ್. ಅವರ ನಂಬಿಕೆಯಲ್ಲಿ ದೆವ್ವ ಭೂತಗಳಿಗಿಂತ ಸಾಮಾನ್ಯ ಮನುಷ್ಯ ಸಿಕ್ಕಿಬೀಳುವ ಇಕ್ಕಟ್ಟು ಹೆಚ್ಚು ಹೆದರಿಸುತ್ತದೆ. ಏನಾಗಲಿದೆ ಎಂಬುದನ್ನು ಆದಷ್ಟು ತಡಮಾಡಿ ತಿಳಿಸುವುದು ಅವರ ಕ್ರಮ. ಸರಣಿ ಹಾಲಿವುಡ್‌ಗೆ ನೆಲೆ ಬದಲಿಸಿದ ಮೇಲೆ ಸಿನಿಮಾ ತಾರೆಯರು ಸಿಕ್ಕರು. ಹಾಸ್ಯಕ್ಕೆ ಹೆಸರಾದ ಜ್ಯಾಕ್ ಬೆನ್ನಿಯಂಥವರಿಗೂ ಗಂಭೀರ ಪಾತ್ರ ಕೊಟ್ಟದ್ದು ‘ಸಸ್ಪೆನ್ಸ್’ನ ವಿಶೇಷ. ನಗಿಸುವ ದನಿಯೆಂದು ಪರಿಚಿತವಾದದ್ದು ಗಾಬರಿಯಲ್ಲಿ ನಡುಗಿದಾಗ ಕೇಳುಗರಿಗೆ ಹಿಡಿಯಲು ಏನೂ ಉಳಿಯುತ್ತಿರಲಿಲ್ಲ.

ಆ ಸರಣಿಯ ಎರಡು ಶ್ರೇಷ್ಠ ಕೃತಿಗಳು ಲುಸಿಲ್ ಫ್ಲೆಚರ್ ಬರೆದವು. ಫ್ಲೆಚರ್ ಆಗ ಸಂಗೀತ ಸಂಯೋಜಕ ಬರ್ನಾರ್ಡ್ ಹರ್ಮನ್ ಅವರ ಪತ್ನಿ. 1940ರಲ್ಲಿ ಇಬ್ಬರೂ ಕಾರಿನಲ್ಲಿ ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯಾಕ್ಕೆ ಹೊರಟಾಗ ದಾರಿಯಲ್ಲಿ ಒಬ್ಬನೇ ಮನುಷ್ಯ ಎರಡು ಕಡೆ ಕಣ್ಣಿಗೆ ಬಿದ್ದ. ಅದರಿಂದ ಹುಟ್ಟಿದ್ದು ‘ದ ಹಿಚ್-ಹೈಕರ್’: ದೇಶದ ಉದ್ದಕ್ಕೂ ಕಾರು ಓಡಿಸುವ ಯುವಕನಿಗೆ ತಾನು ಎಷ್ಟೇ ವೇಗವಾಗಿ ಹೋದರೂ ಮುಂದಿನ ತಿರುವಿನಲ್ಲಿ ಅದೇ ಮನುಷ್ಯ ಕೈಯೆತ್ತಿ ನಿಂತಿರುತ್ತಾನೆ. ಆರ್ಸನ್ ವೆಲ್ಸ್ 1941ರಲ್ಲಿ ತಮ್ಮ ಕಾರ್ಯಕ್ರಮದಲ್ಲಿಯೂ 1942ರಲ್ಲಿ ‘ಸಸ್ಪೆನ್ಸ್’ನಲ್ಲಿಯೂ ಅದನ್ನು ಆಡಿದರು. ಸಂಗೀತ ಹರ್ಮನ್ ಅವರದು.

ಇನ್ನೊಂದು, 1943ರ ಮೇ 25ರಂದು ಪ್ರಸಾರವಾದ ‘ಸಾರಿ, ರಾಂಗ್ ನಂಬರ್’. ಹಾಸಿಗೆ ಹಿಡಿದ, ಸಿಡುಕು ಸ್ವಭಾವದ ಶ್ರೀಮಂತ ಹೆಂಗಸೊಬ್ಬಳು ಗಂಡನ ಕಚೇರಿಗೆ ಫೋನ್ ಮಾಡುತ್ತಾಳೆ. ತಂತಿಗಳು ಅಡ್ಡಹಾಯ್ದು, ಅಂದೇ ರಾತ್ರಿ ಹನ್ನೊಂದೂಕಾಲಿಗೆ ರೈಲು ಸೇತುವೆ ದಾಟುವಾಗ ಒಬ್ಬ ಹೆಂಗಸನ್ನು ಕೊಲ್ಲಬೇಕೆಂದು ಇಬ್ಬರು ಮಾತಾಡುವುದು ಅವಳ ಕಿವಿಗೆ ಬೀಳುತ್ತದೆ. ಆಪರೇಟರ್, ಪೊಲೀಸ್, ಆಸ್ಪತ್ರೆ, ಹೀಗೆ ಒಬ್ಬರಾದ ಮೇಲೆ ಒಬ್ಬರಿಗೆ ಅವಳು ಫೋನ್ ಮಾಡುತ್ತಾಳೆ. ಅವಳ ಜೋರಿಗೆ ಬೇಸತ್ತು ಯಾರೂ ಕಿವಿಗೊಡುವುದಿಲ್ಲ. ಆ ಹೆಂಗಸು ತಾನೇ ಎಂಬುದು ಅವಳಿಗೆ ಹೊಳೆಯುವ ಹೊತ್ತಿಗೆ ಅದೇ ಮನೆಯ ಕೆಳ ಅಂತಸ್ತಿನಲ್ಲಿ ಯಾರೋ ಫೋನ್ ಎತ್ತಿರುತ್ತಾರೆ. ಅರ್ಧ ಗಂಟೆಯ ನಾಟಕದಲ್ಲಿ ಬಹುಪಾಲು ಮಾತು ಆಗ್ನೆಸ್ ಮೂರ್‌ಹೆಡ್ ಒಬ್ಬರದೇ. ಸಿಡುಕು ಗಾಬರಿಯಾಗಿ, ಗಾಬರಿ ಅಂಗಲಾಚುವಿಕೆಯಾಗಿ ಏರುವ ಆ ದನಿಯಲ್ಲಿ ಎಲ್ಲಿಯೂ ಕೇಳುಗರ ಅನುಕಂಪಕ್ಕೆ ಕೈಚಾಚಿದ ಗುರುತಿಲ್ಲ. ಇಷ್ಟವಾಗದ ಹೆಂಗಸೊಬ್ಬಳ ಸಾವಿಗಾಗಿ ಕೇಳುಗರು ಉಸಿರು ಬಿಗಿಹಿಡಿಯುತ್ತಾರೆ. ನಾಟಕದ ದೊಡ್ಡತನ ಇಲ್ಲಿದೆ. ಜೊತೆಗೆ, ಟೆಲಿಫೋನು ಕೂಡ ರೇಡಿಯೊದಂತೆಯೇ ಮುಖವಿಲ್ಲದ ದನಿಗಳ ಯಂತ್ರ. ಅವಳಿಗೆ ತಿಳಿಯುವುದೆಷ್ಟೋ ಕೇಳುಗರಿಗೂ ಅಷ್ಟೇ ತಿಳಿಯುತ್ತದೆ. ಮೊದಲ ಪ್ರಸಾರದಲ್ಲಿ ಕೊನೆಯ ಕ್ಷಣದ ಮಾತೊಂದು ಹೊತ್ತು ತಪ್ಪಿ ಅಂತ್ಯ ಕೆಲವರಿಗೆ ಅರ್ಥವಾಗಲಿಲ್ಲ. ಆಗಸ್ಟ್‌ನಲ್ಲಿ ಮತ್ತೆ ಆಡಿದರು. ಮುಂದೆ ‘ಸಸ್ಪೆನ್ಸ್’ ಒಟ್ಟು ಎಂಟು ಸಲ ಈ ನಾಟಕವನ್ನು ಪ್ರಸ್ತುತಪಡಿಸಿತು, ಎಂಟೂ ಸಲ ಮೂರ್‌ಹೆಡ್ ಅವರೇ. 1948ರ ಸಿನಿಮಾದಲ್ಲಿ ಮಾತ್ರ ಆ ಪಾತ್ರ ಬಾರ್ಬರಾ ಸ್ಟ್ಯಾನ್‌ವಿಕ್‌ಗೆ ಹೋಯಿತು. ಹಿಂದಿನ ಕಥೆಗಳನ್ನೆಲ್ಲ ತೋರಿಸಲು ಹೊರಟ ಆ ಚಿತ್ರ ಮೂಲದ ಇಕ್ಕಟ್ಟನ್ನು ಸಡಿಲಗೊಳಿಸಿತು.

‘ಸಸ್ಪೆನ್ಸ್’ಗಾಗಿ ಬರೆದ ಇನ್ನೊಬ್ಬ ಮುಖ್ಯ ಲೇಖಕ, ಬೀಗ ಹಾಕಿದ ಕೋಣೆಯ ಕೊಲೆಗಳಿಗೆ ಹೆಸರಾದ ಜಾನ್ ಡಿಕ್ಸನ್ ಕಾರ್. ಅವರು ಲಂಡನ್ನಿಗೆ ಮರಳಿ 1943ರಲ್ಲಿ ಬಿಬಿಸಿಗಾಗಿ ‘ಅಪಾಯಿಂಟ್‌ಮೆಂಟ್ ವಿತ್ ಫಿಯರ್’ ರೂಪಿಸಿದರು. ವ್ಯಾಲೆಂಟೈನ್ ಡಯಲ್ ಕಪ್ಪುಡುಗೆಯ ನಿರೂಪಕನಾಗಿ ಅದರ ಕಥೆಗಳನ್ನು ಹೇಳಿದರು. ಅಮೆರಿಕದ ಈ ಕಲೆ ಸಾಗರ ದಾಟಿದ ದಾರಿಗಳಲ್ಲಿ ಅದೊಂದು.

1942ರ ಮೇ ತಿಂಗಳಲ್ಲಿ ಸಿಬಿಎಸ್‌ನ ಪಶ್ಚಿಮ ಕರಾವಳಿ ನಿಲಯಗಳಲ್ಲಿ ‘ದ ವಿಸ್ಲರ್’ ಆರಂಭವಾಯಿತು. ಅದರ ನಿರೂಪಕ ರಾತ್ರಿಯಲ್ಲಿ ಸಿಳ್ಳೆ ಹಾಕುತ್ತ ನಡೆಯುವ ಅನಾಮಿಕ. ಎಲ್ಲರ ಗುಟ್ಟೂ ಅವನಿಗೆ ಗೊತ್ತು. ಡೊರೊಥಿ ರಾಬರ್ಟ್ಸ್ ವಾರವಾರವೂ ಬಂದು ಆ ರಾಗವನ್ನು ಸಿಳ್ಳೆಯಲ್ಲಿ ನುಡಿಸುತ್ತಿದ್ದರು. ಕಥೆಗಳಲ್ಲಿ ಕೊಲೆಗಾರ ಯಾರೆಂಬ ಗುಟ್ಟು ಇರುತ್ತಿರಲಿಲ್ಲ. ಕೇಳುಗರು ಮೊದಲಿನಿಂದಲೂ ಅವನ ಜೊತೆಯಲ್ಲೇ ಇರುತ್ತಿದ್ದರು. ನಿರೂಪಕ ಅವನನ್ನು ‘ನೀನು’ ಎಂದೇ ಕರೆದು, ನೀನೀಗ ಹೆದರಿದ್ದೀಯೆ, ನಿನಗೀಗ ಆ ಪತ್ರ ನೆನಪಾಯಿತು ಎಂಬ ಧಾಟಿಯಲ್ಲಿ ಮಾತಾಡುತ್ತಿದ್ದ. ಕೇಳುವವರಿಗೆ ಅದು ತಮ್ಮನ್ನೇ ಕುರಿತು ಆಡಿದಂತೆ ತಾಗುತ್ತಿತ್ತು. ಅಪರಾಧಿಯ ಮನಸ್ಸಿನೊಳಗೆ ಕೇಳುಗರನ್ನು ಕೂರಿಸುವ ಕೆಲಸದಲ್ಲಿ ರೇಡಿಯೊ ಇದಕ್ಕಿಂತ ಮುಂದೆ ಹೋಗಲಿಲ್ಲ.

ಯುದ್ಧಾನಂತರದ ವರ್ಷಗಳು ಖಾಸಗಿ ಪತ್ತೇದಾರರವು. 1946ರಲ್ಲಿ ಡ್ಯಾಶಿಯಲ್ ಹ್ಯಾಮೆಟ್ ಸೃಷ್ಟಿಸಿದ ಸ್ಯಾಮ್ ಸ್ಪೇಡ್ ಹೊವಾರ್ಡ್ ಡಫ್ ದನಿಯಲ್ಲಿ ಬಂದ. ನಿರ್ದೇಶನ ಸ್ಪಿಯರ್ ಅವರದೇ. ರೇಮಂಡ್ ಚಾಂಡ್ಲರ್‌ನ ಫಿಲಿಪ್ ಮಾರ್ಲೊ ಮರುವರ್ಷ ಬಂದ. ಸ್ಯಾಮ್ ಸ್ಪೇಡ್‌ನ ಕೊನೆ ನೋವಿನದು. 1950ರ ಜೂನ್‌ನಲ್ಲಿ ‘ರೆಡ್ ಚಾನಲ್ಸ್’ ಎಂಬ ಪುಸ್ತಿಕೆ ರೇಡಿಯೊ ಮತ್ತು ಟಿವಿಯ 151 ಜನರನ್ನು ಕಮ್ಯುನಿಸ್ಟರ ಬೆಂಬಲಿಗರೆಂದು ಪಟ್ಟಿಮಾಡಿತು. ಅದರಲ್ಲಿ ಹ್ಯಾಮೆಟ್, ಡಫ್, ವೆಲ್ಸ್ ಹೆಸರುಗಳಿದ್ದವು. ಪ್ರಾಯೋಜಕರು ಹಿಂಜರಿದರು; ಡಫ್ ಜಾಗಕ್ಕೆ ಬೇರೊಬ್ಬ ನಟ ಬಂದರೂ ಸರಣಿ 1951ರಲ್ಲಿ ನಿಂತಿತು. ಅದೇ ವರ್ಷ ಹ್ಯಾಮೆಟ್, ಕಮ್ಯುನಿಸ್ಟ್ ಆರೋಪಿಗಳ ಜಾಮೀನು ನಿಧಿಗೆ ಹಣ ಕೊಟ್ಟವರ ಹೆಸರು ಹೇಳಲು ಒಪ್ಪದೆ, ಜೈಲಿಗೆ ಹೋದರು. ಕಾರ್ಯಕ್ರಮದ ಯಜಮಾನಿಕೆ ಜಾಹೀರಾತುದಾರರ ಕೈಯಲ್ಲಿದ್ದುದರ ಬೆಲೆ ಎಷ್ಟೆಂಬುದು ಆಗ ತಿಳಿಯಿತು.

1949ರ ಜೂನ್ 3ರಂದು ಎನ್‌ಬಿಸಿಯಲ್ಲಿ ಆರಂಭವಾದ ‘ಡ್ರ್ಯಾಗ್‌ನೆಟ್’ ಇದುವರೆಗಿನ ದಾರಿಗೆ ಬೆನ್ನು ಹಾಕಿತು. 1948ರ ಸಿನಿಮಾವೊಂದರಲ್ಲಿ ಸಣ್ಣ ಪಾತ್ರ ಮಾಡುತ್ತಿದ್ದ ಜ್ಯಾಕ್ ವೆಬ್‌ಗೆ, ಆ ಚಿತ್ರಕ್ಕೆ ಸಲಹೆಗಾರರಾಗಿದ್ದ ಲಾಸ್ ಏಂಜಲೀಸ್ ಪೊಲೀಸ್ ಸಾರ್ಜೆಂಟ್ ಮಾರ್ಟಿ ವಿನ್ ಅವರ ಮಾತಿನಿಂದ ಈ ಸರಣಿ ಹೊಳೆಯಿತು. ಹೆಸರು ಬದಲಿಸಿದ ನಿಜ ಪ್ರಕರಣಗಳು, ಪೊಲೀಸರು ನಿಜವಾಗಿ ಆಡುವ ಮಾತು, ದಿನಾಂಕ, ಹವೆ, ಹೊತ್ತು, ಯಾವ ಪಾಳಿ ಎಂಬ ವಿವರಗಳು. ಸಾರ್ಜೆಂಟ್ ಜೋ ಫ್ರೈಡೆಯಾಗಿ ವೆಬ್ ದನಿ ಏರಿಸದೆ ಮಾತಾಡಿದರು. ಕಚೇರಿಯ ಮೇಜಿನಿಂದ ಬಾಗಿಲಿಗೆ ಎಷ್ಟು ಹೆಜ್ಜೆಯೋ ಅಷ್ಟೇ ಹೆಜ್ಜೆಯ ಸದ್ದು ಬರಬೇಕೆಂಬ ಹಟ ಅವರದು. ಸರಣಿ ಆರಂಭವಾದ ವರ್ಷದ ಡಿಸೆಂಬರ್‌ನ ಒಂದು ಕಂತಿನಲ್ಲಿ ಕ್ರಿಸ್ಮಸ್ ಉಡುಗೊರೆಗೆಂದು ಅಡಗಿಸಿಟ್ಟ ಬಂದೂಕಿನಿಂದ ಮಗು ಸಾಯುತ್ತದೆ. ಅಲ್ಲಿ ಖಳನೇ ಇಲ್ಲ. ಮಾತು ಇಷ್ಟು ಬರಡಾಗಿದ್ದೂ ಅಳು ತರಿಸುವ ನಾಟಕ ರೇಡಿಯೊದಲ್ಲಿ ಅದಕ್ಕೆ ಮುಂಚೆ ಅಪರೂಪ.

ಆದರೆ ‘ಡ್ರ್ಯಾಗ್‌ನೆಟ್’ 1951ರ ಡಿಸೆಂಬರ್‌ನಲ್ಲಿ ಟಿವಿಗೂ ಹೋಯಿತು, ಅದರ ಹಿಂದೆ ಪ್ರಾಯೋಜಕರ ಹಣವೆಲ್ಲ ಹೋಯಿತು. ಅಷ್ಟರಲ್ಲಿ ಧ್ವನಿಮುದ್ರಣದ ಮೇಲಿನ ನಿಷೇಧವೂ ಸಡಿಲಗೊಂಡಿತ್ತು. 1946ರಲ್ಲಿ ಗಾಯಕ ಬಿಂಗ್ ಕ್ರಾಸ್ಬಿ ತಮ್ಮ ಕಾರ್ಯಕ್ರಮವನ್ನು ಮೊದಲೇ ಮುದ್ರಿಸಿಡುವ ಹಕ್ಕು ಪಡೆದರು. ಬೆನ್ನಲ್ಲೇ ಬಂದ ಮ್ಯಾಗ್ನೆಟಿಕ್ ಟೇಪು ನೇರಪ್ರಸಾರದ ಅಗತ್ಯವನ್ನೇ ತೆಗೆದುಹಾಕಿತು. ಒಂದೊಂದೇ ಸರಣಿ ಕಣ್ಮುಚ್ಚಿದವು. ಕೊನೆಗೆ ಉಳಿದವು ‘ಸಸ್ಪೆನ್ಸ್’ ಮತ್ತು ವಿಮಾ ತನಿಖಾಧಿಕಾರಿಯೊಬ್ಬನ ಖರ್ಚಿನ ಲೆಕ್ಕದ ರೂಪದಲ್ಲಿ ಕಥೆ ಹೇಳುವ ‘ಯುವರ್ಸ್ ಟ್ರೂಲಿ, ಜಾನಿ ಡಾಲರ್’. ಸಿಬಿಎಸ್ ಎರಡನ್ನೂ 1962ರ ಸೆಪ್ಟೆಂಬರ್ 30ರಂದು ನಿಲ್ಲಿಸಿತು. ಹನ್ನೆರಡು ವರ್ಷಗಳ ನಂತರ ಹೈಮನ್ ಬ್ರೌನ್ ಅದೇ ಜಾಲದಲ್ಲಿ, ಅದೇ ಕಿರುಗುಟ್ಟುವ ಬಾಗಿಲಿನೊಂದಿಗೆ ‘ಸಿಬಿಎಸ್ ರೇಡಿಯೊ ಮಿಸ್ಟರಿ ಥಿಯೇಟರ್’ ತೆರೆದು 1982ರವರೆಗೆ 1,399 ನಾಟಕ ಪ್ರಸಾರ ಮಾಡಿದರು.

ಈ ನಾಟಕಗಳಲ್ಲಿ ಉಳಿದದ್ದೆಷ್ಟು ಎಂಬುದನ್ನು ಬಹಳಮಟ್ಟಿಗೆ ಆಕಸ್ಮಿಕಗಳೇ ನಿರ್ಧರಿಸಿವೆ. ಪ್ರಾಯೋಜಕರಿಗೂ ಏಜೆನ್ಸಿಗಳಿಗೂ ದಾಖಲೆಗೆಂದು 16 ಇಂಚಿನ ತಟ್ಟೆಗಳಲ್ಲಿ ಪ್ರಸಾರವನ್ನು ಮುದ್ರಿಸುತ್ತಿದ್ದರು. ಒಂದು ಬದಿಗೆ 15 ನಿಮಿಷ ಹಿಡಿಯುತ್ತಿತ್ತು. ಅಲ್ಯೂಮಿನಿಯಂ ಯುದ್ಧಕ್ಕೆ ಬೇಕಾದಾಗ ಗಾಜಿನ ತಟ್ಟೆ ಬಳಸಿದರು. ಅವುಗಳಲ್ಲಿ ಎಷ್ಟೋ ಒಡೆದವು. ಸೈನಿಕರಿಗಾಗಿ ಸೇನಾ ರೇಡಿಯೊ ವಿಭಾಗ ಜಾಹೀರಾತು ತೆಗೆದು ಒತ್ತಿಸಿದ ತಟ್ಟೆಗಳು, ಮುಂದೆ ಹವ್ಯಾಸಿ ಸಂಗ್ರಾಹಕರು ಟೇಪಿಗೆ ಇಳಿಸಿಕೊಂಡ ಪ್ರತಿಗಳು ಬಹಳಷ್ಟನ್ನು ಕಾಪಾಡಿದವು. ಹೀಗಾಗಿ ‘ಸಸ್ಪೆನ್ಸ್’ನ ಬಹುಪಾಲು ಕಂತುಗಳನ್ನು ಇಂದೂ ಕೇಳಬಹುದು, ‘ಸಾರಿ, ರಾಂಗ್ ನಂಬರ್’ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಯ್ದಿಡಲು ಆರಿಸಿದ ಧ್ವನಿಮುದ್ರಣಗಳ ಪಟ್ಟಿಯಲ್ಲಿದೆ. ಆದರೆ ವಿಲಿಸ್ ಕೂಪರ್ ಅವರ ‘ಲೈಟ್ಸ್ ಔಟ್’ನ ಮೂಲ ಪ್ರಸಾರಗಳು ಬಹುತೇಕ ನಷ್ಟವಾಗಿವೆ, ವೆಲ್ಸ್ ಅವರ ಶ್ಯಾಡೊದಲ್ಲಿ ಉಳಿದದ್ದು ಒಂದು ಪಾಲು ಮಾತ್ರ. 1930ರ ದಶಕದ ಕೆಲಸವನ್ನು ನಂತರದ ದಶಕದ ಕೆಲಸಕ್ಕಿಂತ ಒರಟೆಂದು ಎಣಿಸುವವರು ಈ ಕೊರತೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ಆ ದಶಕದ ಎಷ್ಟೋ ನಾಟಕಗಳನ್ನು ಇಂದು ಹಸ್ತಪ್ರತಿಯಿಂದ ಓದಬೇಕಾಗಿದೆ, ಮತ್ತು ಅವನ್ನು ಬರೆದದ್ದು ಓದುವುದಕ್ಕಲ್ಲ.